ಹಾರ ಹೊತ್ತರೂ ಪ್ರೊಸೆಷನ್, ಹೆಣ ಹೊತ್ತರೂ ಪ್ರೊಸೆಷನ್

ಪ್ರಶ್ನೆ: ಪ್ರೊಸೆಷನ್ ಎಂದರೆ ಮೆರವಣಿಗೆ ಎಂದು ಶಾಲೆಯಲ್ಲಿ ಕಲಿತೆವು. ಆದರೆ ಇಂಗ್ಲಿಷ್ ಪತ್ರಿಕೆಗಳು ‘ಫ್ಯೂನರಲ್ ಪ್ರೊಸೆಷನ್’ ಎಂದೂ ಬರೆಯುತ್ತವೆ. ಸಾವಿನ ಮನೆಯವರು ಮೆರವಣಿಗೆ ಹೊರಡುತ್ತಾರೆಯೇ?

ಉತ್ತರ: ಹೊರಡುವುದಿಲ್ಲ. ಎಡವಟ್ಟು ಇಂಗ್ಲಿಷ್ ಪದದ್ದಲ್ಲ, ನಾವು ಅದಕ್ಕೆ ಕಟ್ಟಿದ ಅರ್ಥದ ಗಂಟಿನದು. ಮೆರವಣಿಗೆಯ ಬೇರು ‘ಮೆರೆ’. ಹೊಳೆಯುವುದು, ಶೋಭಿಸುವುದು, ನಾಲ್ಕು ಜನರ ಕಣ್ಣಿಗೆ ಬೀಳುವುದು ಎಲ್ಲವೂ ಅದರಲ್ಲಿವೆ. ಪ್ರೊಸೆಷನ್ ಪದಕ್ಕೆ ಈ ಸಡಗರವಿಲ್ಲ. ಲ್ಯಾಟಿನ್‌ನಲ್ಲಿ ‘ಪ್ರೊ’ ಎಂದರೆ ಮುಂದಕ್ಕೆ, ‘ಕೇದೆರೆ’ ಎಂದರೆ ಸಾಗುವುದು. ಪ್ರೊಸೀಡ್, ಪ್ರೊಸೆಸ್, ಪ್ರೊಸೀಜರ್ ಇದರ ಒಡಹುಟ್ಟಿದವು. ಒಂದು ಸಂದರ್ಭಕ್ಕೆಂದು ಸೇರಿದ ಜನ ಅಥವಾ ವಾಹನಗಳು ಸಾಲು ಕೆಡದಂತೆ ನಿಧಾನವಾಗಿ ಮುಂದೆ ಸಾಗಿದರೆ ಅದು ಪ್ರೊಸೆಷನ್. ಸಂದರ್ಭ ಮದುವೆಯೋ ಮರಣವೋ, ಪದ ವಿಚಾರಿಸುವುದಿಲ್ಲ. ಆ ವಿಚಾರಣೆ ಕನ್ನಡದ್ದು. ಮದುವೆಯಾದರೆ ದಿಬ್ಬಣ, ಸಾವಾದರೆ ಶವಯಾತ್ರೆ ಅಥವಾ ಅಂತಿಮ ಯಾತ್ರೆ, ಹಬ್ಬ ಅಥವಾ ವಿಜಯವಾದರೆ ಮೆರವಣಿಗೆ.

ನಿಜ ಹೇಳಬೇಕೆಂದರೆ ನಮ್ಮ ಮೆರವಣಿಗೆಗೆ ಹತ್ತಿರದ ನೆಂಟ ಪರೇಡ್. ಫ್ರೆಂಚ್‌ನಿಂದ ಬಂದ ಆ ಪದದಲ್ಲೇ ಪ್ರದರ್ಶನದ ಅರ್ಥವಿದೆ. ನೋಡುವವರಿಲ್ಲದ ಪರೇಡ್ ಬರೀ ತಾಲೀಮು. ಆದರೆ ಬೆಳಗಿನ ಜಾವ ಮಠದ ಒಳ ಅಂಗಳದಲ್ಲಿ ಹತ್ತು ಸನ್ಯಾಸಿಗಳು ಮೇಣದಬತ್ತಿ ಹಿಡಿದು, ಒಬ್ಬರ ಹಿಂದೆ ಒಬ್ಬರು ಹೆಜ್ಜೆ ಹಾಕುತ್ತಿದ್ದಾರೆ ಎನ್ನಿ. ನೋಡಲು ಒಂದು ಬೆಕ್ಕೂ ಇಲ್ಲ. ಆದರೂ ಅದು ಪೂರ್ಣ ಪ್ರೊಸೆಷನ್. ಮಾರ್ಚ್‌ಗೆ ಹೆಜ್ಜೆಯ ತಾಳ ಇಲ್ಲವೇ ಬೇಡಿಕೆಯ ಕಾವು ಬೇಕು. ಅದರ ಮಾತು ಇಲ್ಲಿ ಬೇಡ.

ಬಳಕೆಯಲ್ಲಿ ಒಂದೆರಡು ತೊಡಕುಗಳಿವೆ. ‘ದೇ ವಾಕ್ಡ್ ಇನ್ ಪ್ರೊಸೆಷನ್’ ಎಂದು ಬರೆಯುವಾಗ ನಡುವೆ ‘ಎ’ ಬೇಕಿಲ್ಲ. ಸಾಲಾಗಿ ನಡೆದರು ಎಂಬ ಅರ್ಥ ಅಷ್ಟರಲ್ಲೇ ಬರುತ್ತದೆ. ‘ಟುಕ್ ಔಟ್ ಎ ಪ್ರೊಸೆಷನ್’ ಎನ್ನುವುದು ಭಾರತದ ಇಂಗ್ಲಿಷ್ ಪತ್ರಿಕೆಗಳ ರೂಢಿ. ನಮಗೆ ಸಲೀಸಾಗಿ ಅರ್ಥವಾಗುತ್ತದೆ, ಬ್ರಿಟನ್ನಿನ ಓದುಗ ಒಂದು ಗಳಿಗೆ ತಡವರಿಸುತ್ತಾನೆ. ಅವನಿಗೆ ‘ಹೆಲ್ಡ್’ ಎಂದರೆ ಸಾಕು. ಇನ್ನು ‘ಪ್ರಿಸೆಷನ್’ ಬೇರೆಯೇ ಪದ. ಭೂಮಿಯ ಅಕ್ಷ ಸುಮಾರು 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ಒಂದು ಸುತ್ತು ವಾಲಾಡುತ್ತದಲ್ಲ, ಅದರ ಹೆಸರು. ಒಂದಕ್ಷರ ತಪ್ಪಿದರೆ ಶವಯಾತ್ರೆ ಖಗೋಳಶಾಸ್ತ್ರ ಸೇರುತ್ತದೆ.

ಈ ಪದದ ಜೀವ ಸಂಭ್ರಮದಲ್ಲಿಲ್ಲ, ಸಾಲಿನಲ್ಲಿದೆ ಎಂಬುದಕ್ಕೆ ಒಂದು ಹುಳು ಸಾಕ್ಷಿ. ಪೈನ್ ಮರದ ‘ಪ್ರೊಸೆಷನರಿ’ ಕಂಬಳಿಹುಳುಗಳು ರೇಷ್ಮೆಯ ಎಳೆ ಬಿಡುತ್ತಾ, ಒಂದರ ಬಾಲಕ್ಕೆ ಇನ್ನೊಂದು ತಲೆ ತಾಗಿಸಿ ಸಾಗುತ್ತವೆ. ಫ್ರೆಂಚ್ ಕೀಟತಜ್ಞ ಫಾಬ್ರ್ ಅವುಗಳ ಸಾಲು ಕುಂಡದ ಅಂಚಿನ ಮೇಲೆ ವೃತ್ತವಾಗಿ ಕೂಡಿಕೊಳ್ಳುವಂತೆ ಮಾಡಿದರು. ಮುಂದಾಳು ಯಾರೆಂಬುದೇ ಇಲ್ಲವಾಯಿತು. ಏಳು ದಿನ ಅವು ಅಲ್ಲೇ ಸುತ್ತಿದವು.

ಹಾಗಾಗಿಯೇ ಕ್ರಿಕೆಟ್ ವರದಿಯಲ್ಲಿ ವಿಕೆಟ್‌ಗಳು ಪಟಪಟನೆ ಉರುಳಿದಾಗ ಇಂಗ್ಲಿಷಿನವರು ‘ಪ್ರೊಸೆಷನ್’ ಎಂದು ಬರೆಯುತ್ತಾರೆ. ನಮ್ಮ ಕ್ರೀಡಾಪುಟಗಳು ಅದನ್ನೇ ‘ಪೆವಿಲಿಯನ್ ಪರೇಡ್’ ಎನ್ನುತ್ತವೆ. ಸೊನ್ನೆಗೆ ಔಟಾಗಿ, ಬ್ಯಾಟ್ ಕಂಕುಳಲ್ಲಿ ಅಮುಕಿಕೊಂಡು ತಲೆ ತಗ್ಗಿಸಿ ಬರುವವನಿಗೆ ಮೆರೆಯಲು ಏನಿದೆ ಎಂದು ನಾನು ಪ್ರತಿ ಸಲವೂ ಅಂದುಕೊಳ್ಳುತ್ತೇನೆ.