‘ಕುರ್ಬಾನಿ’ಯಲ್ಲಿ ಹಾಡಿದ ಮೇಲೂ ‘ಡಿಸ್ಕೋ ದೀವಾನೆ’ ಮೊದಲ ಆಲ್ಬಮ್ ಹೇಗೆ?

ಪ್ರಶ್ನೆ: ಪಾಕಿಸ್ತಾನದ ಗಾಯಕಿ ನಾಜಿಯಾ ಹಸನ್ 1980ರಲ್ಲೇ ಹಿಂದಿ ಸಿನಿಮಾ ‘ಕುರ್ಬಾನಿ’ಗೆ ಹಾಡಿದ್ದರು. ಮಾಟುಂಗದ ನಮ್ಮ ಮನೆಯಲ್ಲಿ ಆ ರೆಕಾರ್ಡು ಈಗಲೂ ಇದೆ. ಹಾಗಿದ್ದರೆ 1981ರ ‘ಡಿಸ್ಕೋ ದೀವಾನೆ’ಯನ್ನು ಅವರ ಮೊದಲ ಸ್ಟುಡಿಯೋ ಆಲ್ಬಮ್ ಅನ್ನುವುದು ಯಾಕೆ? ಸಿನಿಮಾ ಹಾಡನ್ನೂ ಸ್ಟುಡಿಯೋದಲ್ಲೇ ಹಾಡಿಸುತ್ತಾರೆ ಅಲ್ವಾ?

ಉತ್ತರ: ಆ ರೆಕಾರ್ಡನ್ನು ಒಮ್ಮೆ ಹೊರಗೆ ತೆಗೆದು ನೋಡಿ. ಅದರಲ್ಲಿ ನಾಜಿಯಾ ಅವರದು ಒಂದೇ ಹಾಡು, ‘ಆಪ್ ಜೈಸಾ ಕೋಯಿ’. ಉಳಿದ ಹಾಡುಗಳಿಗೆ ಸಂಗೀತ ಕಲ್ಯಾಣ್‌ಜಿ-ಆನಂದ್‌ಜಿ ಅವರದು, ಹಾಡಿದವರೂ ಬೇರೆ. ನಾಜಿಯಾ ದನಿಗೆ ತೆರೆಯ ಮೇಲೆ ತುಟಿ ಆಡಿಸಿದ್ದು ಜೀನತ್ ಅಮಾನ್. ಅಂದರೆ ಅದು ಸಿನಿಮಾದ ರೆಕಾರ್ಡು, ಗಾಯಕಿಯದಲ್ಲ.

ಗೊಂದಲ ಹುಟ್ಟುವುದು ‘ಸ್ಟುಡಿಯೋ’ ಅನ್ನುವ ಪದದಿಂದ. ನಮ್ಮ ಮುಂಬೈಯ ತಾರ್ದೇವ್ ಫಿಲ್ಮ್ ಸೆಂಟರ್‌ನಲ್ಲಿ ಎಷ್ಟೋ ಸಿನಿಮಾ ಹಾಡುಗಳು ರೆಕಾರ್ಡ್ ಆಗಿವೆ, ನಿಜ. ಆದರೆ ಇಲ್ಲಿ ಆ ಪದ ಜಾಗವನ್ನು ಹೇಳುತ್ತಿಲ್ಲ. ವೇದಿಕೆಯ ಕಾರ್ಯಕ್ರಮವನ್ನು ಹಿಡಿದಿಟ್ಟದ್ದಲ್ಲ, ಹಳೆಯ ಹಾಡುಗಳನ್ನು ಆಯ್ದು ಜೋಡಿಸಿದ್ದೂ ಅಲ್ಲ, ಕಲಾವಿದರು ತಮ್ಮ ಹೆಸರಿನಲ್ಲೇ ಹೊಸದಾಗಿ ಹಾಡಿ ಒಟ್ಟಿಗೆ ತಂದದ್ದು ಅಂತ ಅರ್ಥ. ಸಿನಿಮಾ ಹಾಡುಗಳನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಕನ್ನಡದವರಿಗೆ ಇದು ಹೊಸದೇನಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂತಲ್ಲ, ಅದಕ್ಕೆ ಯಾವ ಸಿನಿಮಾದ ಹಂಗೂ ಇರಲಿಲ್ಲ. ಹಿಂದಿಯಲ್ಲೂ ಗಜಲ್, ಭಜನೆಗಳು ಹಾಗೆಯೇ ಬರುತ್ತಿದ್ದವು. ಕುಣಿಸುವ ಹಾಡು ಬೇಕೆಂದರೆ ಮಾತ್ರ ಜನ ಸಿನಿಮಾದ ಕಡೆಗೇ ನೋಡಬೇಕಿತ್ತು. ‘ಡಿಸ್ಕೋ ದೀವಾನೆ’ ಅದನ್ನು ಬದಲಿಸಿತು. ಅದರಲ್ಲಿ ಕಥೆ ಇಲ್ಲ, ನಾಯಕ-ನಾಯಕಿಯರಿಲ್ಲ. ಕರಾಚಿಯಲ್ಲಿ ಹುಟ್ಟಿದ ಒಬ್ಬ ಹುಡುಗಿ, ಜೊತೆಗೆ ತಮ್ಮ ಜೊಹೇಬ್. ‘ಆವೋ ನಾ’ ಕೇಳಿ. ಯಾರೋ ನಟಿಗಾಗಿ ಹಾಡಿದ ಹಾಗೆ ಅನಿಸುವುದೇ ಇಲ್ಲ. ತನಗಾಗಿ ಹಾಡಿಕೊಳ್ಳುವ ದನಿ ಅದು. ನನಗೆ ಈ ಆಲ್ಬಮ್ ಇಷ್ಟವಾಗುವುದೇ ಅದಕ್ಕೆ.

ಇದರ ಹಿಂದೆ ನಮ್ಮವರೊಬ್ಬರು ಇದ್ದಾರೆ ಅಂತ ಹೇಳದೆ ಇರಲಾರೆ. ‘ಆಪ್ ಜೈಸಾ ಕೋಯಿ’ಗೂ ‘ಡಿಸ್ಕೋ ದೀವಾನೆ’ಗೂ ಸಂಗೀತ ಕೊಟ್ಟ ಬಿದ್ದು ಅಪ್ಪಯ್ಯ ಕೊಡವರು, ಹುಟ್ಟಿದ್ದು ಬೆಂಗಳೂರಿನಲ್ಲಿ. 1974ರಲ್ಲಿ ಜಗತ್ತನ್ನೇ ಕುಣಿಸಿದ ‘ಕುಂಗ್ ಫು ಫೈಟಿಂಗ್’ ಹಾಡನ್ನು ತಯಾರಿಸಿದವರೂ ಅವರೇ. ‘ಕುರ್ಬಾನಿ’ಯ ನಿರ್ದೇಶಕ, ನಾಯಕ ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲೇ ಹುಟ್ಟಿದವರು!

ಇದೇ ಅಳತೆಯಲ್ಲಿ ಇನ್ನೊಂದು ತಪ್ಪನ್ನೂ ತಿದ್ದಬಹುದು. ಹಿಂದಿ ಪಾಪ್ ಗಾಯಕಿ ಅಲಿಶಾ ಚಿನಾಯ್ ಅವರ ಮೊದಲ ಆಲ್ಬಮ್ ‘ಮೇಡ್ ಇನ್ ಇಂಡಿಯಾ’ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಬಂದದ್ದು 1995ರಲ್ಲಿ. ಅವರ ಮೊದಲ ಆಲ್ಬಮ್ ‘ಜಾದೂ’ 1985ರಷ್ಟು ಹಳೆಯದು.

ನಿಮ್ಮ ‘ಕುರ್ಬಾನಿ’ ರೆಕಾರ್ಡನ್ನು ಮಾತ್ರ ಜೋಪಾನ ಮಾಡಿ. ಆ ಒಂದು ಹಾಡಿಗೆ ನಾಜಿಯಾ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಾಗ ವಯಸ್ಸು ಬರೀ 15. ಅವರು 2000ರಲ್ಲಿ, 35ನೇ ವಯಸ್ಸಿಗೇ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಆಲ್ಬಮ್ ಅಲ್ಲದಿದ್ದರೂ, ನಮ್ಮ ಮನೆಗಳಿಗೆ ಆ ದನಿ ಮೊದಲು ಬಂದದ್ದು ಆ ರೆಕಾರ್ಡಿನಿಂದಲೇ.