30/60/15 ಅಂದ್ರೆ ಏನು? ಅಮೆರಿಕದ ಕಾರ್ ಇನ್ಶೂರೆನ್ಸ್ ಕಲಿಯುವವರಿಗೆ

ಊರಲ್ಲಿ ಕಾರು ಓಡಿಸಿದವರಿಗೆಲ್ಲ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಗೊತ್ತು. ಅದರ ದರವನ್ನು ಕೇಂದ್ರ ಸರ್ಕಾರವೇ ನಿಗದಿ ಮಾಡುತ್ತದೆ. ಬೀದರ್‌ನಲ್ಲೂ ಅಷ್ಟೇ, ಬೆಂಗಳೂರಲ್ಲೂ ಅಷ್ಟೇ. ಅಮೆರಿಕಕ್ಕೆ ಬಂದರೆ ಈ ಲೆಕ್ಕ ಮರೆತುಬಿಡಿ. ರಾಜ್ಯ ಬದಲಾದರೆ ಕಾನೂನೂ ಬೇರೆ, ದರವೂ ಬೇರೆ.

ಮೊದಲು ಆ ಮೂರು ಅಂಕಿ. ಪಾಲಿಸಿಯಲ್ಲಿ 30/60/15 ನೋಡಿ ನಾನು ಬಿಪಿ ರೀಡಿಂಗ್ ಇದ್ದಂಗಿದೆಯಲ್ಲ ಅಂದುಕೊಂಡಿದ್ದೆ. ಇದು ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯವಾದ ಕನಿಷ್ಠ ಕವರ್, ಸಾವಿರ ಡಾಲರ್ ಲೆಕ್ಕದಲ್ಲಿ. ತಪ್ಪು ನಿಮ್ಮದಾದರೆ, ಗಾಯಗೊಂಡ ಒಬ್ಬರಿಗೆ ಹೆಚ್ಚೆಂದರೆ 30,000, ಒಂದು ಅಪಘಾತದ ಗಾಯಾಳುಗಳಿಗೆಲ್ಲ ಸೇರಿ 60,000, ಅವರ ಕಾರು, ಗೋಡೆ, ಕಂಬಕ್ಕೆ 15,000.

2024ರ ಕೊನೆಯವರೆಗೂ ಅಲ್ಲಿ ಇದು 15/30/5 ಇತ್ತು. ನೀವು ಗುದ್ದಿದ ಕಾರಿನ ರಿಪೇರಿಗೆ 20,000 ಡಾಲರ್ ಆಯಿತು ಅನ್ನಿ. ಹಳೆ ಕನಿಷ್ಠದಲ್ಲಿ ಕಂಪನಿ 5,000 ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು, 15,000 ನಿಮ್ಮ ತಲೆಗೆ. ಈಗಲೂ 5,000 ನಿಮ್ಮ ಜೇಬಿಂದಲೇ ಹೋಗಬೇಕು.

ನಮ್ಮವರು ಎಡವೋದು ಇಲ್ಲೇ. ಭಾರತದ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಗಾಯ, ಸಾವಿನ ಪರಿಹಾರಕ್ಕೆ ಮಿತಿಯಿಲ್ಲ. ಎದುರಿನವರ ಆಸ್ತಿಗೆ ಮಾತ್ರ 7.5 ಲಕ್ಷದ ಗೆರೆ. ಆ ಧೈರ್ಯದಲ್ಲೇ ಇಲ್ಲೂ "ಕಡ್ಡಾಯ ಇರೋದು ತಗೊಂಡ್ರೆ ಸಾಕಲ್ವಾ" ಅಂತೇವೆ. ಸಾಲದು. ಇಲ್ಲಿನ ಆಸ್ಪತ್ರೆ ಬಿಲ್ ನೋಡಿದವರು ಯಾರೂ 30,000 ಡಾಲರ್ ದೊಡ್ಡ ಮೊತ್ತ ಅನ್ನಲ್ಲ.

ಟೆಕ್ಸಾಸ್‌ನಲ್ಲಿ ಕನಿಷ್ಠ 30/60/25. ಫ್ಲೋರಿಡಾದ ದಾರಿಯೇ ಬೇರೆ: ತಪ್ಪು ಯಾರದೇ ಇರಲಿ, ನಿಮ್ಮ ಚಿಕಿತ್ಸೆಗೆ ನಿಮ್ಮ ಪಾಲಿಸಿಯಲ್ಲೇ 10,000 ಡಾಲರ್ ಕವರ್ ಇರಬೇಕು, ಎದುರಿನವರ ಆಸ್ತಿಗೆ ಇನ್ನೊಂದು 10,000. ಎದುರಿನವರ ಗಾಯಕ್ಕೆ? ಸಾಮಾನ್ಯ ಕಾರು ನೋಂದಣಿಗೆ ಅದು ಕಡ್ಡಾಯವೇ ಅಲ್ಲ! ಅಂದರೆ ನಿಮಗೆ ಗುದ್ದಿದವನ ಹತ್ತಿರ ಆ ಕವರ್ ಇಲ್ಲದೇ ಇರಬಹುದು. ಅದಕ್ಕೇ ಅಲ್ಲಿ 'ಅನ್‌ಇನ್ಶೂರ್ಡ್ ಮೋಟರಿಸ್ಟ್' ಕವರ್ (ಗುದ್ದಿದವನ ಹತ್ತಿರ ಆ ಇನ್ಶೂರೆನ್ಸ್ ಇಲ್ಲದಿದ್ದರೆ ನಿಮ್ಮ ಗಾಯಕ್ಕೆ ನಿಮ್ಮ ಕಂಪನಿಯೇ ಕೊಡುವ ಕವರ್) ಬಿಡಬೇಡಿ. ನ್ಯೂ ಹ್ಯಾಂಪ್‌ಶೈರ್‌ನಲ್ಲಂತೂ ಹೆಚ್ಚಿನವರಿಗೆ ಇನ್ಶೂರೆನ್ಸೇ ಕಡ್ಡಾಯವಲ್ಲ. ಆದರೆ ಗುದ್ದಿದರೆ ದುಡ್ಡು ಕಟ್ಟುವ ಹೊಣೆ ತಪ್ಪಲ್ಲ.

ಇನ್ನು ದರ. ಟೆಕ್ಸಾಸ್ ಸೇರಿ ಬಹಳಷ್ಟು ರಾಜ್ಯಗಳಲ್ಲಿ ಕಂಪನಿಗಳು ನಿಮ್ಮ ಕ್ರೆಡಿಟ್ ಇತಿಹಾಸ (ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಹೇಗೆ ಕಟ್ಟಿದ್ದೀರಿ ಅನ್ನುವ ದಾಖಲೆ) ನೋಡಿ ಪ್ರೀಮಿಯಂ ಹಾಕಬಹುದು. ಊರಿಂದ ಈಗಷ್ಟೇ ಬಂದವರಿಗೆ ಕ್ರೆಡಿಟ್ ಇತಿಹಾಸ ಎಲ್ಲಿಂದ ಬರಬೇಕು? ಒಂದೂ ಆಕ್ಸಿಡೆಂಟ್ ಮಾಡದೆ ಜಾಸ್ತಿ ಕಟ್ಟುವ ಪರಿಸ್ಥಿತಿ. ಕ್ಯಾಲಿಫೋರ್ನಿಯಾ, ಹವಾಯಿ, ಮ್ಯಾಸಚೂಸೆಟ್ಸ್‌ಗಳಲ್ಲಿ ಇದಕ್ಕೆ ಅವಕಾಶವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಮತದಾರರೇ ಒಪ್ಪಿದ 'ಪ್ರೊಪೊಸಿಷನ್ 103' ಅನ್ನುವ ಕಾನೂನಿನ ಪ್ರಕಾರ, ಡ್ರೈವಿಂಗ್ ದಾಖಲೆ, ವರ್ಷಕ್ಕೆ ಓಡಿಸುವ ಮೈಲಿ, ಎಷ್ಟು ವರ್ಷದ ಅನುಭವ, ಈ ಮೂರಕ್ಕೇ ಹೆಚ್ಚು ತೂಕ. ನನ್ನ ಮಟ್ಟಿಗೆ ಇದು ನ್ಯಾಯ.

ಮಿಷಿಗನ್ ಬಹಳ ಕಾಲ ದುಬಾರಿ ಅಂತ ಹೆಸರು ಮಾಡಿತ್ತು. ಅಪಘಾತದ ಗಾಯಕ್ಕೆ ಜೀವನಪೂರ್ತಿ, ಮಿತಿಯಿಲ್ಲದ ಚಿಕಿತ್ಸೆಯ ಕವರ್ ಎಲ್ಲರಿಗೂ ಕಡ್ಡಾಯವಾಗಿತ್ತು. 2020ರ ಜುಲೈಯಿಂದ ಕಡಿಮೆ ಮಿತಿ ಆಯ್ದುಕೊಳ್ಳಬಹುದು.

ಕೋಟ್ (ಪ್ರೀಮಿಯಂ ಎಷ್ಟಾಗುತ್ತೆ ಅಂತ ಕಂಪನಿ ಕೊಡುವ ಅಂದಾಜು) ತೆಗೆಸುವಾಗ ಊರಲ್ಲಿ ಓಡಿಸಿದ ವರ್ಷಗಳನ್ನು ಲೆಕ್ಕಕ್ಕೆ ತಗೊಳ್ತೀರಾ ಅಂತ ಕೇಳಿ, ಕಂಪನಿಯಿಂದ ಕಂಪನಿಗೆ ಉತ್ತರ ಬೇರೆ. ಎರಡು ಕೋಟ್ ಪಕ್ಕದಲ್ಲಿಟ್ಟು ನೋಡುವಾಗ ಆ ಮೂರು ಅಂಕಿ, ಡಿಡಕ್ಟಿಬಲ್ (ನಿಮ್ಮ ಕಾರಿನ ರಿಪೇರಿಗೆ ಕಂಪನಿ ಕೊಡುವ ಮೊದಲು ನೀವೇ ಹಾಕಬೇಕಾದ ಮೊತ್ತ) ಎರಡರಲ್ಲೂ ಒಂದೇ ಇರಲಿ. ಒಂದು 30/60/15, ಇನ್ನೊಂದು 100/300/100 ಆದರೆ ಮೊದಲನೆಯದು ಅಗ್ಗ ಕಾಣೋದು ಸಹಜ ಬಿಡಿ.