ರಿಫ್ ಬಂದರೆ ಹಾಡು ಬಂದಂತಲ್ಲ

ಎಪ್ಪತ್ತರ ದಶಕದ ಗ್ಲ್ಯಾಮ್ ರಾಕ್ (ಮಿನುಗು ವೇಷದ ರಾಕ್ ಶೈಲಿ) ಹಾಡು ನುಡಿಸಲು ಹೊರಟ ಕವರ್ ಬ್ಯಾಂಡಿನ (ಬೇರೆಯವರ ಹಾಡು ನುಡಿಸುವ ತಂಡದ) ಮೊದಲ ಪಟ್ಟಿ ಕೈಗೆ ಬಂದರೆ, ಅದನ್ನು ಬರೆದದ್ದು ಗಿಟಾರಿಸ್ಟ್ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಟಿ. ರೆಕ್ಸ್‌ನ ‘ಗೆಟ್ ಇಟ್ ಆನ್’, ‘ಟ್ವೆಂಟಿಯತ್ ಸೆಂಚುರಿ ಬಾಯ್’, ಡೇವಿಡ್ ಬೋವಿಯ ‘ದ ಜೀನ್ ಜೀನಿ’, ‘ರೆಬೆಲ್ ರೆಬೆಲ್’, ಸ್ವೀಟ್‌ನ ‘ಬಾಲ್‌ರೂಮ್ ಬ್ಲಿಟ್ಸ್’, ಜೊತೆಗೆ ಸ್ಲೇಡ್‌ನ ಎರಡು. ಹಾಡುಗಳ ಮೇಲೆ ತಕರಾರಿಲ್ಲ. ಇವೇ ಯಾಕೆ ಎಂದು ಕೇಳಿದಾಗ ಬರುವ ಉತ್ತರಕ್ಕೆ ಮಾತ್ರ ತಲೆ ಚಚ್ಚಿಕೊಳ್ಳಬೇಕು: ‘ಸುಲಭ ಸಾರ್, ಮೂರು ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗುಚ್ಛ). ಒಂದು ಸಂಜೆಗೆ ಬಂದುಬಿಡುತ್ತೆ.’

ಬರುತ್ತದೆ, ಸುಳ್ಳಲ್ಲ. ಆದರೆ ಬಂದದ್ದು ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು), ಹಾಡಲ್ಲ. ಗ್ಲ್ಯಾಮ್ ರಾಕ್ ಕೇಳಲು ಗಿಟಾರಿನ ಸಂಗೀತದ ಹಾಗಿದೆ. ಅದರ ಕಂಬಗಳು ಗಂಟಲು ಮತ್ತು ಡ್ರಮ್. ಆದ್ದರಿಂದ ಹಾಡು ಆರಿಸುವಾಗ ಎಷ್ಟು ಕಾರ್ಡು ಎಂದು ಎಣಿಸಬೇಡಿ, ಎಷ್ಟು ಬಾಯಿ ಬೇಕು ಎಂದು ಎಣಿಸಿ.

‘ಗೆಟ್ ಇಟ್ ಆನ್’ ಅನ್ನೇ ತೆಗೆದುಕೊಳ್ಳಿ. 1971ರ ಹಾಡು, ನಿರ್ಮಾಪಕ ಟೋನಿ ವಿಸ್ಕಾಂಟಿ. ಇ ಕೀಯಲ್ಲಿ (ಶ್ರುತಿಯಲ್ಲಿ) ಒಂದು ಸೋಮಾರಿ ರಿಫ್. ಟಿ. ರೆಕ್ಸ್‌ನ ಗಾಯಕ ಮಾರ್ಕ್ ಬೋಲನ್ ಚರಣವನ್ನು ಹಾಡುವುದಿಲ್ಲ, ಮೈಕಿಗೆ ಬಾಯಿ ತಾಗಿಸಿ ಗುಟ್ಟು ಹೇಳುತ್ತಾನೆ. ಕೋರಸ್ ಬಂದಾಗ ಕೇಳುವವರಿಗೆ ಮೈ ಜುಮ್ಮೆನ್ನುವುದು ಗಿಟಾರಿನಿಂದಲ್ಲ. ಟರ್ಟಲ್ಸ್ ತಂಡದಿಂದ ಬಂದಿದ್ದ ಮಾರ್ಕ್ ವೋಲ್ಮನ್ ಮತ್ತು ಹೋವರ್ಡ್ ಕೇಲನ್ ಅವನ ದನಿಯ ಮೇಲೆ ತಮ್ಮ ದನಿಯನ್ನು ಎತ್ತರದಲ್ಲಿ ಕೂರಿಸುತ್ತಾರೆ. ಇಯಾನ್ ಮೆಕ್‌ಡೊನಾಲ್ಡ್‌ನ ಸ್ಯಾಕ್ಸೊಫೋನ್ ಕೆಳಗಿನಿಂದ ಗುರುಗುಟ್ಟುತ್ತದೆ. ರಿಕ್ ವೇಕ್‌ಮನ್ ಪಿಯಾನೊ ಮನೆಗಳ ಮೇಲೆ ಬೆರಳು ಜಾರಿಸುತ್ತಾನೆ. ಇಷ್ಟನ್ನೂ ತೆಗೆದು ನಾಲ್ಕು ಜನ ನುಡಿಸಿದರೆ ಉಳಿಯುವುದು ನಾಲ್ಕು ನಿಮಿಷ ಇ ಕಾರ್ಡು. ಎರಡನೇ ಚರಣದ ಹೊತ್ತಿಗೆ ಜನ ಬಾರ್ ಕೌಂಟರ್ ಕಡೆ ತಿರುಗುತ್ತಾರೆ, ತಪ್ಪು ಅವರದಲ್ಲ.

ಪಿಯಾನೊ ಇಲ್ಲದಿದ್ದರೂ ಸುಧಾರಿಸಬಹುದು, ಸ್ಯಾಕ್ಸ್ ಇಲ್ಲದಿದ್ದರೂ ಸುಧಾರಿಸಬಹುದು. ಆ ಎರಡು ಮೇಲಿನ ದನಿ ಇಲ್ಲದಿದ್ದರೆ ಆಗುವುದಿಲ್ಲ. ಇದನ್ನು ಒಪ್ಪಿಸುವುದೇ ಕಷ್ಟ. ‘ಆಮೇಲೆ ಸೇರಿಸಿಕೊಳ್ಳೋಣ’ ಎನ್ನುತ್ತಾರೆ. ಹಿಂದೆ ಹೇಳುವವರಿಲ್ಲದೆ ಎತ್ತಿಕೊಡುವವನೊಬ್ಬನೇ ಕೂತು ಭಜನೆ ಮಾಡಿದರೆ ಹೇಗಿರುತ್ತದೋ, ಹಾಗಿರುತ್ತದೆ.

ಅದಕ್ಕೇ ಈ ಪರೀಕ್ಷೆ. ಗಿಟಾರ್, ಬೇಸ್, ಕೀಬೋರ್ಡ್ ಎಲ್ಲ ಪೆಟ್ಟಿಗೆಯಲ್ಲೇ ಇರಲಿ. ಡ್ರಮ್ಮರ್ ತೊಡೆ ತಟ್ಟಲಿ, ಉಳಿದವರು ತಾಳದ ಎರಡು ಮತ್ತು ನಾಲ್ಕನೇ ಪೆಟ್ಟಿಗೆ ಚಪ್ಪಾಳೆ ಹೊಡೆಯಲಿ. ಕೋರಸ್ ಮಾತ್ರ ನಾಲ್ಕು ಸಲ ಹಾಡಿ. ಮುಖ್ಯ ಗಾಯಕನ ದನಿಯ ಮೇಲೆ ಕನಿಷ್ಠ ಇಬ್ಬರು ತಮ್ಮ ತಮ್ಮ ಸ್ವರ ಜಾರದಂತೆ ಎಂಟು ಬಾರ್ (ತಾಳದ ಆವರ್ತ) ಹಿಡಿದು ನಿಲ್ಲಬೇಕು. ನಿಂತರೆ ಹಾಡು ಪಟ್ಟಿಯಲ್ಲಿರಲಿ. ಇಲ್ಲವಾದರೆ ರಿಫ್ ಎಷ್ಟೇ ಚೆನ್ನಾಗಿ ಬರಲಿ, ತೆಗೆದುಬಿಡಿ. ಪರೀಕ್ಷೆಯನ್ನು ಪ್ರಾಕ್ಟೀಸಿನ ಶುರುವಿನಲ್ಲಿ ಮಾಡಿ ಬೀಗಬೇಡಿ. ನಲವತ್ತು ನಿಮಿಷ ಹಾಡಿ ದಣಿದ ಮೇಲೆ ಮಾಡಿ.

ಈ ಪರೀಕ್ಷೆಯಲ್ಲಿ ಹೆಚ್ಚು ಸೋಲುವುದು ಸ್ವೀಟ್‌ನ ಹಾಡುಗಳು. ಆ ತಂಡದಲ್ಲಿ ನಾಲ್ವರೂ ಹಾಡುತ್ತಿದ್ದರು, ಡ್ರಮ್ಮರ್ ಮಿಕ್ ಟಕರ್ ಕೂಡ. 1975ರ ‘ಫಾಕ್ಸ್ ಆನ್ ದ ರನ್’ ಕೋರಸ್‌ನಲ್ಲಿ ಮೇಲಿನ ದನಿಗಳನ್ನು ಕಳಚಿದರೆ ಏನೂ ಉಳಿಯುವುದಿಲ್ಲ. ‘ಬ್ಲಾಕ್ ಬಸ್ಟರ್’ ನಡುವೆ ಬೇಸ್ ವಾದಕ ಸ್ಟೀವ್ ಪ್ರೀಸ್ಟ್ ಒಂದೇ ಒಂದು ಸಾಲನ್ನು ವೈಯಾರದ ಕೀಚಲು ದನಿಯಲ್ಲಿ ಎಸೆಯುತ್ತಾನೆ. ಇಂಗ್ಲೆಂಡಿನ ಜನ ಕಾಯುವುದೇ ಆ ಸಾಲಿಗೆ. ಅದನ್ನು ನಾಚಿಕೆ ಬಿಟ್ಟು ಹೇಳುವವರು ನಿಮ್ಮಲ್ಲಿ ಯಾರು ಎಂದು ಮೊದಲೇ ಗೊತ್ತಿರಬೇಕು. ‘ಬಾಲ್‌ರೂಮ್ ಬ್ಲಿಟ್ಸ್’ ಆರಂಭದಲ್ಲಿ ಗಾಯಕ ಬ್ರಯನ್ ಕಾನಲಿ ಜೊತೆಯವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಸಿದ್ಧವೇ ಎಂದು ಕೇಳುತ್ತಾನಲ್ಲ, ಅಲ್ಲಿ ನಿಮ್ಮವರ ಹೆಸರು ಹಾಕಿಕೊಳ್ಳಿ. ಆದರೆ ಉತ್ತರ ಕೊಡುವವರ ಮುಂದೆ ಮೈಕ್ ಇದೆಯೇ ನೋಡಿ. ಮೈಕಿಲ್ಲದ ಡ್ರಮ್ಮರನ್ನು ಕೇಳಿ ಮೌನ ಗಿಟ್ಟಿಸಿಕೊಂಡ ಗಾಯಕರು ಕಡಿಮೆಯಿಲ್ಲ.

ಇನ್ನು ಸ್ಲೇಡ್. ಅದರ ಗಾಯಕ ನಾಡಿ ಹೋಲ್ಡರ್‌ನ ಕಂಠ ಮೇಲಿನ ಸ್ವರಕ್ಕೆ ಆಗಾಗ ಹೋಗಿ ಬರುವಂಥದ್ದಲ್ಲ, ಅಲ್ಲೇ ಮನೆ ಮಾಡಿಕೊಂಡಿರುವಂಥದ್ದು. ‘ಕಮ್ ಆನ್ ಫೀಲ್ ದ ನಾಯ್ಸ್’ 1973ರಲ್ಲಿ ಬಿಡುಗಡೆಯಾದ ವಾರವೇ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನಕ್ಕೆ ಬಂತು. ಅದನ್ನು ಮನೆಯಲ್ಲಿ ಒಮ್ಮೆ ಹಾಡಬಲ್ಲವರು ಬಹಳ. ಎರಡನೇ ಸೆಟ್‌ನ (ವಿರಾಮದವರೆಗೆ ನುಡಿಸುವ ಕಂತಿನ) ಒಂಬತ್ತನೇ ಹಾಡಾಗಿ ಹಾಡಬಲ್ಲವರು ಕಡಿಮೆ. ಒಂದು ಸೆಟ್‌ಗೆ ಎರಡಕ್ಕಿಂತ ಹೆಚ್ಚು ಸ್ಲೇಡ್ ಬೇಡ, ಅವೂ ಅಕ್ಕಪಕ್ಕ ಬೇಡ. ಗಂಟಲಿನ ಬಗ್ಗೆ ವೈದ್ಯರ ಮಾತೇ ಕೊನೆಯದು. ಗೊಗ್ಗರು ದನಿ ಮೂರು ವಾರ ಕಳೆದರೂ ಹೋಗದಿದ್ದರೆ ಇಎನ್‌ಟಿ ಬಳಿಗೆ ಹೋಗಿ, ಶುಂಠಿ ಕಷಾಯದಲ್ಲಿ ಕಾಲ ಕಳೆಯಬೇಡಿ.

ಗಂಟಲಿಗೆ ಎಟುಕದ ಹಾಡಿನ ಶ್ರುತಿ ಇಳಿಸಿದರೆ ಮರ್ಯಾದೆ ಹೋಗುತ್ತದೆ ಎಂಬ ಭ್ರಮೆ ಗಿಟಾರಿಸ್ಟ್‌ಗಳಿಗೆ ಮಾತ್ರ ಇರುವುದು. ಹೇಗೆ ಇಳಿಸುತ್ತೀರಿ ಎನ್ನುವುದರಲ್ಲಿ ಮಾತ್ರ ಜಾಗ್ರತೆ ಬೇಕು. ‘ರೆಬೆಲ್ ರೆಬೆಲ್’ ರಿಫ್ ಡಿ ಮತ್ತು ಇ ಕಾರ್ಡ್‌ಗಳ ನಡುವೆ ಓಡಾಡುತ್ತದೆ, ಮೊದಲ ತಂತಿ ತೆರೆದುಕೊಂಡು ಮೊಳಗುತ್ತಿರುತ್ತದೆ. ಅದೇ ಅದರ ಜೀವ. ಅದನ್ನು ಅರ್ಧ ಸ್ವರ ಕೆಳಗಿನ ಕಾರ್ಡ್‌ಗಳಿಗೆ ಎತ್ತಿಟ್ಟರೆ ತೆರೆದ ತಂತಿ ಸತ್ತುಹೋಗುತ್ತದೆ. ಕ್ಯಾಪೊ (ಗಿಟಾರಿನ ಕತ್ತಿಗೆ ಸಿಕ್ಕಿಸುವ ಹಿಡಿಕೆ) ಶ್ರುತಿಯನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಆದ್ದರಿಂದ ಬೆರಳು ಇಡುವ ಜಾಗ ಬದಲಿಸದೆ ಗಿಟಾರ್, ಬೇಸ್ ಎರಡನ್ನೂ ಪೂರ್ತಿ ಅರ್ಧ ಸ್ವರ ಇಳಿಸಿ, ಇಡೀ ರಾತ್ರಿ ಹಾಗೇ ಇರಲಿ. ಹಾಡಿಗೊಂದು ಶ್ರುತಿ ಎಂದು ಹೊರಟರೆ, ಸ್ಪ್ರಿಂಗ್ ಮೇಲೆ ತೇಲುವ ಟ್ರೆಮೊಲೊ (ತಂತಿಗಳ ಶ್ರುತಿ ಅಲುಗಿಸುವ ಸನ್ನೆ) ಇರುವ ಗಿಟಾರ್ ಪ್ರತಿ ಸಲ ಸರಿಯಾಗಿ ಕೂರದೆ ಕೈಕೊಡುತ್ತದೆ. ಪೂರ್ತಿ ಒಂದು ಸ್ವರ ಇಳಿಸುವುದಾದರೆ ಹತ್ತರ ದಪ್ಪದ ತಂತಿ ತೆಗೆದು ಹನ್ನೊಂದರ ಸೆಟ್ ಹಾಕಿ, ಇಲ್ಲದಿದ್ದರೆ ತಂತಿ ಸಡಿಲವಾಗಿ ಫ್ರೆಟ್‌ಗೆ ಬಡಿಯುತ್ತದೆ. ಕೀಬೋರ್ಡ್‌ನಲ್ಲಿ ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ ಗುಂಡಿ) ಮೈನಸ್ ಒಂದಕ್ಕಿದೆಯೇ ಎಂದು ಶುರುವಾಗುವ ಮುಂಚೆ ಇನ್ನೊಬ್ಬರು ನೋಡಲಿ. ಊಟದ ವಿರಾಮದಲ್ಲಿ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿದರೆ ಕೆಲವು ಕೀಬೋರ್ಡ್‌ಗಳಲ್ಲಿ ಅದು ಸೊನ್ನೆಗೆ ಮರಳುತ್ತದೆ. ತಂಡದಲ್ಲಿ ಆಲ್ಟೊ ಸ್ಯಾಕ್ಸ್ ಇದ್ದರೆ ಅವರು ನಿಮಗೆ ಕೈಮುಗಿಯುತ್ತಾರೆ: ಆ ವಾದ್ಯದ ಸ್ವರಲಿಪಿ ಬೇರೆ ಕೀಯಲ್ಲಿರುವುದರಿಂದ ಇ ಕೀಯ ಹಾಡು ಅವರಿಗೆ ಏಳು ಶಾರ್ಪ್‌ಗಳ (ಅರ್ಧ ಸ್ವರ ಏರಿಸಿದ ಸ್ವರಗಳ) ಸಿ ಶಾರ್ಪ್ ಆಗುತ್ತದೆ, ಇ ಫ್ಲ್ಯಾಟ್‌ಗೆ ಇಳಿದರೆ ಒಂದೂ ಶಾರ್ಪ್ ಇಲ್ಲದ ಸಿ.

ಮೂಲ ರೆಕಾರ್ಡಿನ ಜೊತೆ ನುಡಿಸಿ ಕಲಿಯುವವರು ಇನ್ನೊಂದು ವಿಷಯ ಗಮನಿಸಿ. ಆ ಕಾಲದ ಹಲವು ರೆಕಾರ್ಡುಗಳಲ್ಲಿ ಟೇಪಿನ ವೇಗ ಚೂರು ಆಚೀಚೆ ಆಗಿರುವುದರಿಂದ ಶ್ರುತಿ ಎರಡು ಸ್ವರಗಳ ನಡುವೆ ಬಿದ್ದಿರುತ್ತದೆ. ಟ್ಯೂನರ್ ಕೆಟ್ಟಿಲ್ಲ.

ಎರಡನೇ ಕಂಬ ಡ್ರಮ್. ಇಲ್ಲಿ ಎಡವುವುದು ಶಫಲ್‌ನಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದು ತಿಶ್ರ ನಡೆ. ಪ್ರತಿ ಪೆಟ್ಟಿಗೂ ‘ತಕಿಟ’ ಎಂದುಕೊಳ್ಳಿ, ನಡುವಿನ ‘ಕಿ’ ನುಂಗಿಬಿಡಿ. ಉಳಿಯುವ ‘ತ… ಟ, ತ… ಟ’ ಎಂಬ ಕುಂಟು ನಡಿಗೆಯೇ ಶಫಲ್. ‘ತಕಧಿಮಿ’ ಎಂದು ಒಡೆದರೆ ನೇರವಾದ ರಾಕ್. ‘ಬಾಲ್‌ರೂಮ್ ಬ್ಲಿಟ್ಸ್’, ಟಿ. ರೆಕ್ಸ್‌ನ ‘ಹಾಟ್ ಲವ್’, ಆಲಿಸ್ ಕೂಪರ್‌ನ ‘ಸ್ಕೂಲ್ಸ್ ಔಟ್’ ಕುಂಟುವ ಜಾತಿ. ಎಂಬತ್ತರ ದಶಕದ ಹೆವಿ ಮೆಟಲ್ ಕೇಳಿ ಬೆಳೆದ ಡ್ರಮ್ಮರ್ ಇವನ್ನು ತನಗೆ ಗೊತ್ತಿಲ್ಲದೆಯೇ ನೇರ ಮಾಡಿಬಿಡುತ್ತಾನೆ. ನೇರವಾದ ಕೂಡಲೇ ಹಾಡು ಓಡತೊಡಗುತ್ತದೆ, ಗಾಯಕನಿಗೆ ಉಸಿರು ಸಿಗುವುದಿಲ್ಲ, ಕುಣಿಯುವವರ ಕಾಲು ತಪ್ಪುತ್ತದೆ. ಮದ್ದು ಇಷ್ಟೇ: ಮೂಲ ವೇಗದ ಮೂರನೇ ಎರಡರಷ್ಟಕ್ಕೆ ಇಳಿಸಿ, ಮೆಟ್ರೊನೋಮನ್ನು (ತಾಳ ಬಡಿಯುವ ಯಂತ್ರವನ್ನು) ಪ್ರತಿ ಪೆಟ್ಟಿಗೂ ಮೂರು ಬಡಿಯುವಂತೆ ಇಟ್ಟು, ಬೇಸ್ ಮತ್ತು ಡ್ರಮ್ ಇಬ್ಬರೇ ಹತ್ತು ನಿಮಿಷ ಕೂತು ನುಡಿಸಲಿ. ಸಿಂಬಲ್ ಕಡಿಮೆ ಇರಲಿ. ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಜೊತೆ ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್) ಕೂಡ ಬೀಳಲಿ. ಸ್ಲೇಡ್ ತಂಡ ‘ಕಾಸ್ ಐ ಲವ್ ಯೂ’ ಧ್ವನಿಮುದ್ರಿಸುವಾಗ ಬೂಟಿನಿಂದ ನೆಲ ಗುದ್ದಿ, ಕೈತಟ್ಟಿ ಸೇರಿಸಿತ್ತು. ಆ ತೂಕ ಒಂದು ಸ್ನೇರ್‌ನಿಂದ ಬರುವುದಿಲ್ಲ.

ಯಾವ ಹಾಡು ಎನ್ನುವ ಪ್ರಶ್ನೆ ಯಾರಿಗೆ ಎನ್ನುವುದರ ಮೇಲೂ ನಿಂತಿದೆ. ಇಂಗ್ಲೆಂಡಿನ ಪಬ್ಬಿನಲ್ಲಿ 1973ರಲ್ಲಿ ಹದಿಹರೆಯದವರಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ಅವರಿಗೆ ಗೊತ್ತಿರುವುದು ‘ಟಾಪ್ ಆಫ್ ದ ಪಾಪ್ಸ್’ ಟಿವಿ ಕಾರ್ಯಕ್ರಮದಲ್ಲಿ ನೋಡಿದ ಸಿಂಗಲ್‌ಗಳು (ಬಿಡಿಯಾಗಿ ಬಿಡುಗಡೆಯಾದ ಹಾಡುಗಳು). ಬೋವಿಯ ಆಲ್ಬಮ್ಮಿನ ಮೂಲೆಯಲ್ಲಿರುವ ನಿಮ್ಮ ಪ್ರೀತಿಯ ಹಾಡಲ್ಲ. ಮಡ್ ತಂಡದ ‘ಟೈಗರ್ ಫೀಟ್’ ಬಗ್ಗೆ ಸಂಗೀತಗಾರರು ಮೂಗು ಮುರಿಯುತ್ತಾರೆ. ಬ್ರಿಟನ್ನಿನಲ್ಲಿ 1974ರಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಅದು. ಹಾಕಿ ನೋಡಿ, ಕುರ್ಚಿ ಖಾಲಿಯಾಗುತ್ತದೆ. ಅಮೆರಿಕದವರ ಮುಂದಾದರೆ ಲೆಕ್ಕ ಬೇರೆ. ಸ್ವೀಟ್‌ನ ‘ಬಾಲ್‌ರೂಮ್ ಬ್ಲಿಟ್ಸ್’ ಅಲ್ಲಿ ಐದನೇ ಸ್ಥಾನ ಮುಟ್ಟಿತ್ತು, ಸ್ಲೇಡ್ ಮಾತ್ರ ಎಪ್ಪತ್ತರಲ್ಲಿ ಅಲ್ಲಿ ನಾಟಲೇ ಇಲ್ಲ. ರಾಕ್ ಎಂದರೆ ಡೀಪ್ ಪರ್ಪಲ್ ಎಂದು ಬೆಳೆದ ಬೆಂಗಳೂರಿನ ಕೇಳುಗರಿಗೂ ಸ್ಲೇಡ್ ಹೊಸಬರೇ.

ಗ್ಯಾರಿ ಗ್ಲಿಟರ್‌ನ ಹಾಡು ಬೇಡ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ 2015ರಲ್ಲಿ 16 ವರ್ಷ ಶಿಕ್ಷೆಯಾದವನ ಹಾಡನ್ನು ಮದುವೆಮನೆಯಲ್ಲಿ ಎತ್ತುವ ಬ್ಯಾಂಡ್ ಮತ್ತೆ ಕರೆಸಿಕೊಳ್ಳುವುದಿಲ್ಲ. ವಿಝರ್ಡ್‌ನ ‘ಸೀ ಮೈ ಬೇಬಿ ಜೈವ್’ ಎರಡು ಸ್ಯಾಕ್ಸ್ ಇಲ್ಲದಿದ್ದರೆ ಬಿಡಿ. ರಾಕ್ಸಿ ಮ್ಯೂಸಿಕ್‌ನ ‘ವರ್ಜೀನಿಯಾ ಪ್ಲೇನ್’ ಅದ್ಭುತ ಹಾಡು, ಆದರೆ ಅದರಲ್ಲಿ ಜನ ಸೇರಿ ಹಾಡಲು ಕೋರಸ್ಸೇ ಇಲ್ಲ; ಕುಣಿಯುತ್ತಿದ್ದವರು ನಿಂತು ನಿಮ್ಮನ್ನು ಮೆಚ್ಚುಗೆಯಿಂದ ನೋಡುತ್ತಾರೆ, ಅದು ಒಳ್ಳೆಯ ಲಕ್ಷಣವಲ್ಲ.

45 ನಿಮಿಷದ ಒಂದು ಸೆಟ್‌ಗೆ ಹನ್ನೊಂದೋ ಹನ್ನೆರಡೋ ಹಾಡು ಹಿಡಿಯುತ್ತವೆ. ‘ಗೆಟ್ ಇಟ್ ಆನ್’, ‘ಟ್ವೆಂಟಿಯತ್ ಸೆಂಚುರಿ ಬಾಯ್’, ‘ಜೀನ್ ಜೀನಿ’ ಮೂರೂ ಇ ಕೀ. ಸಾಲಾಗಿ ಬಂದರೆ ಒಂದೇ ಉದ್ದನೆಯ ಹಾಡಿನಂತೆ ಕೇಳುತ್ತದೆ. ‘ಜೀನ್ ಜೀನಿ’ ಮತ್ತು ‘ಬ್ಲಾಕ್ ಬಸ್ಟರ್’ ರಿಫ್‌ಗಳು ಅವಳಿ ಮಕ್ಕಳು. 1973ರ ಜನವರಿಯಲ್ಲಿ, ಆರ್‌ಸಿಎ ಎಂಬ ಒಂದೇ ಕಂಪನಿಯಿಂದ ಬಂದ ಇವೆರಡೂ ಬ್ರಿಟನ್ನಿನ ಮಾರಾಟದ ಪಟ್ಟಿಯ ತುದಿಯಲ್ಲಿ ಒಟ್ಟಿಗಿದ್ದವು, ಸ್ವೀಟ್ ಒಂದನೆಯದು. ಒಂದೊಂದನ್ನು ಒಂದೊಂದು ಸೆಟ್‌ಗೆ ಹಂಚಿ.

ಮುಗಿಸುವುದು ಹೇಗೆ ಎಂದು ಯಾರೂ ಯೋಚಿಸುವುದಿಲ್ಲ. ಬೋವಿಯ ‘ಸ್ಟಾರ್‌ಮನ್’, ‘ರೆಬೆಲ್ ರೆಬೆಲ್’, ‘ಹಾಟ್ ಲವ್’, ಮಾಟ್ ದ ಹೂಪಲ್ ಹಾಡಿದ ‘ಆಲ್ ದ ಯಂಗ್ ಡ್ಯೂಡ್ಸ್’ ಎಲ್ಲವೂ ರೆಕಾರ್ಡಿನಲ್ಲಿ ಫೇಡ್ ಔಟ್ ಆಗುತ್ತವೆ (ಸದ್ದು ಮೆಲ್ಲಗೆ ಕರಗುತ್ತದೆ). ವೇದಿಕೆಯ ಮೇಲೆ ಫೇಡ್ ಔಟ್ ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತ ಒಬ್ಬೊಬ್ಬರಾಗಿ ನಿಲ್ಲಿಸುವುದು. ‘ಹಾಟ್ ಲವ್’ ಕೊನೆಯ ಲಾ ಲಾ ಲಾದಲ್ಲಿ ನಾಲ್ಕನೇ ಸುತ್ತಿಗೆ ಗಿಟಾರ್ ನಿಲ್ಲಲಿ, ಆರನೆಯದಕ್ಕೆ ಬೇಸ್. ಎಂಟನೇ ಸುತ್ತು ಡ್ರಮ್ ಮತ್ತು ಜನರ ದನಿ ಮಾತ್ರ, ಗಾಯಕ ಕೈ ಎತ್ತಿದ ಪೆಟ್ಟಿಗೆ ಮುಕ್ತಾಯ. ಈ ಸಂಖ್ಯೆಗಳನ್ನು ಪಟ್ಟಿಯ ಮೇಲೇ ದಪ್ಪ ಅಕ್ಷರದಲ್ಲಿ ಬರೆಯಿರಿ. ಬೋವಿಯ ‘ಸಫ್ರಜೆಟ್ ಸಿಟಿ’ಯ ಸುಳ್ಳು ಮುಕ್ತಾಯದಲ್ಲಿ ಜನ ಬೇಗ ಚಪ್ಪಾಳೆ ತಟ್ಟಿದರೆ ತಟ್ಟಲಿ, ನಿಮ್ಮ ಕೀಬೋರ್ಡಿನವರು ಮಾತ್ರ ನೀರು ಕುಡಿಯಲು ಬಗ್ಗಬಾರದು.

ಡಿಸೆಂಬರ್ ಕಾರ್ಯಕ್ರಮ ಒಪ್ಪಿಕೊಂಡಿದ್ದರೆ ಸ್ಲೇಡ್‌ನ ‘ಮೆರಿ ಕ್ರಿಸ್ಮಸ್ ಎವ್ರಿಬಡಿ’ ತಪ್ಪಿಸಿಕೊಳ್ಳಲಾಗುವುದಿಲ್ಲ. ಅವರು ಅದನ್ನು ಧ್ವನಿಮುದ್ರಿಸಿದ್ದು 1973ರ ಬೇಸಿಗೆಯಲ್ಲಿ, ನ್ಯೂಯಾರ್ಕಿನಲ್ಲಿ. ನೀವು ಅಕ್ಟೋಬರ್‌ನಲ್ಲಾದರೂ ಶುರು ಮಾಡಿ. ಕೊನೆಯ ಹೊತ್ತಿಗೆ ಹೋಲ್ಡರ್ ಹಾಕುವ ಕೂಗು ಪ್ರಾಕ್ಟೀಸಿನಲ್ಲಿ ಬೇಡವೇ ಬೇಡ. ವೇದಿಕೆಯ ಮೇಲೆ ಕೂಗಬಹುದು, ಅದು ಆ ರಾತ್ರಿಯ ಕೊನೆಯ ಹಾಡಾಗಿದ್ದರೆ.